ದೇಶ, ಕಾಲ, ಪಾತ್ರ: ಶಿಶುವಿಗೆ ಕೊಡುವ ಕಬ್ಬಿಣಾಂಶದ ಧರ್ಮವಿಚಾರ

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವಾಗ ಕೊಟ್ಟದ್ದು ಎಷ್ಟು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಕೊಡುವವನ ಮನೋಭಾವದ ಜೊತೆಗೆ ದೇಶ, ಕಾಲ, ಪಾತ್ರಗಳನ್ನು, ಎಂದರೆ ಎಲ್ಲಿ, ಯಾವಾಗ, ಯಾರಿಗೆ ಕೊಡಲಾಯಿತು ಎಂಬುದನ್ನು ಒರೆಗೆ ಹಚ್ಚುತ್ತದೆ. ಶಿಶುಗಳಿಗೆ ಕಬ್ಬಿಣಾಂಶ ಕೊಡುವ ವಿಷಯದಲ್ಲಿ ಈ ಮೂರೂ ಅಕ್ಷರಶಃ ಅನ್ವಯವಾಗುತ್ತವೆ.

ಕಾಲದ ಮಾತು ಸರಳವಾದುದು. ತುಂಬು ತಿಂಗಳಿಗೆ ಹುಟ್ಟಿದ ಮಗು ತಾಯಿಯಿಂದ ಪಡೆದ ಕಬ್ಬಿಣವನ್ನು ಕೂಡಿಟ್ಟುಕೊಂಡೇ ಬರುತ್ತದೆಯಾದ್ದರಿಂದ, ಎದೆಹಾಲಿನಲ್ಲಿ ಅದರ ಪ್ರಮಾಣ ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಕಡಿಮೆಯಿದ್ದರೂ 4ರಿಂದ 6 ತಿಂಗಳು ಕೊರತೆ ಕಾಣಿಸದು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಈ ಸಂಗ್ರಹ ಬೇಗನೆ ತೀರುತ್ತದೆ. ಆಶ್ವಲಾಯನ ಗೃಹ್ಯಸೂತ್ರವು ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನು ವಿಧಿಸಿ, ತುಪ್ಪದನ್ನದೊಡನೆ ಆಡಿನ ಮಾಂಸವನ್ನೂ ಹೆಸರಿಸುತ್ತದೆ. ಇದನ್ನು ಪ್ರಾಚೀನರ ಪೋಷಣಾವಿಜ್ಞಾನವೆಂದು ಹೊಗಳಿಕೊಳ್ಳುವುದು ಅತಿಯಾದೀತು, ಮಕ್ಕಳನ್ನು ಸಾಕಿದವರ ಅನುಭವವೆಂದರೆ ಸಾಕು.

ದೇಶದ ಪಾಠವನ್ನು ಕಲಿಸಿದ್ದು ಜಾಂಜಿಬಾರಿನ ಪೆಂಬಾ ದ್ವೀಪ. ಮಲೇರಿಯಾ ತೀವ್ರವಾಗಿದ್ದ ಅಲ್ಲಿ 1ರಿಂದ 35 ತಿಂಗಳ ಮಕ್ಕಳಿಗೆ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಸಾವು ಅಥವಾ ಆಸ್ಪತ್ರೆ ಸೇರುವ ಸಂಭವ 12 ಪ್ರತಿಶತ ಹೆಚ್ಚಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಲೇರಿಯಾದ ಕಾಟವಿಲ್ಲದ ನೇಪಾಳದ ತರಾಯಿಯಲ್ಲಿ ನಡೆದ ಅಂಥದೇ ಅಧ್ಯಯನದಲ್ಲಿ ಈ ಹಾನಿ ಕಾಣಲಿಲ್ಲ. ಇನ್ನೂ ಗಮನಿಸಬೇಕಾದುದೆಂದರೆ, ಪೆಂಬಾದಲ್ಲೇ ಕಬ್ಬಿಣದ ಕೊರತೆಯೂ ರಕ್ತಹೀನತೆಯೂ ಇದ್ದು ಮಲೇರಿಯಾಕ್ಕೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕ ಮಕ್ಕಳಿಗೆ ಅದೇ ಔಷಧದಿಂದ ಪ್ರಯೋಜನವೇ ಆಯಿತು.

ಹೀಗೆ ವಿಚಾರವು ಪಾತ್ರದ ಕಡೆಗೆ ಹೊರಳುತ್ತದೆ, ಕಷ್ಟವಿರುವುದೂ ಇಲ್ಲಿಯೇ. ಮನುಷ್ಯದೇಹಕ್ಕೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆಯಿಲ್ಲ. ಕರುಳು ಎಷ್ಟನ್ನು ಒಳಗೆ ಬಿಡಬೇಕೆಂಬುದನ್ನು ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಹೆಪ್ಸಿಡಿನ್ ಎಂಬ ಹಾರ್ಮೋನು ನಿಯಂತ್ರಿಸುತ್ತದೆಯಾದರೂ, ಎಳೆಯ ಶಿಶುವಿನಲ್ಲಿ ಈ ನಿಯಂತ್ರಣ ಪೂರ್ತಿ ಬಲಿತಿರುವುದಿಲ್ಲ. ಚಿಲಿ ದೇಶದಲ್ಲಿ ಲೀಟರಿಗೆ ಸುಮಾರು 12 ಮಿಲಿಗ್ರಾಂ ಕಬ್ಬಿಣ ಬೆರೆಸಿದ ಶಿಶುಹಾಲನ್ನು ಕುಡಿದ ಮಕ್ಕಳನ್ನು 10ನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಶೈಶವದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದವರು ಕಡಿಮೆ ಕಬ್ಬಿಣದ ಹಾಲು ಕುಡಿದವರಿಗಿಂತ ಮುಂದಿದ್ದರು, ಆಗಲೇ ಹೆಚ್ಚಿದ್ದವರು ಹಿಂದಿದ್ದರು. ಒಬ್ಬ ಶಿಶುವಿಗೆ ಬುದ್ಧಿಯ ಬೆಳವಣಿಗೆಯನ್ನು ಕೊಟ್ಟದ್ದೇ ಇನ್ನೊಬ್ಬನಿಂದ ಅದನ್ನು ಕಸಿದುಕೊಂಡಿರಬಹುದಾದರೆ, 'ಸರಾಸರಿ ಮಗು'ವಿಗೆ ಒಳಿತಾಯಿತೆಂಬ ಸಮಾಧಾನವು ನೀತಿಯ ದೃಷ್ಟಿಯಿಂದ ಅರೆ ಉತ್ತರವಷ್ಟೆ.

ಆದರೆ ಕೊಡದೆ ಕೈಕಟ್ಟಿ ಕೂರುವುದೂ ನಿರ್ದೋಷವಾದ ನಡೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ 67.1 ಪ್ರತಿಶತ, ಕರ್ನಾಟಕದಲ್ಲಿ 65.5 ಪ್ರತಿಶತ ರಕ್ತಹೀನರು; ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲವೆಂದು ಒಪ್ಪಿದರೂ, ಪ್ರತಿ ಮಗುವಿನ ಸಂಗ್ರಹವನ್ನು ಅಳೆದ ಮೇಲೆಯೇ ಕೊಡುತ್ತೇವೆಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ. ಆದ್ದರಿಂದ ವಾರಕ್ಕೆ ಎರಡು ಬಾರಿ 20 ಮಿಲಿಗ್ರಾಂ ಕಬ್ಬಿಣವಿರುವ 1 ಮಿಲಿಲೀಟರ್ ಸಿರಪ್ ಕೊಡುವ, ಜ್ವರ ಅಥವಾ ಭೇದಿ ಇದ್ದಾಗ ತಡೆಹಿಡಿಯುವ, ಥಲಸ್ಸೀಮಿಯಾ ಇರುವವರನ್ನು ಹೊರಗಿಡುವ ಭಾರತದ ಕ್ರಮವು ಪಾತ್ರವನ್ನು ಪೂರ್ತಿ ಅರಿಯದಿದ್ದರೂ ಅರಿಯಲು ಯತ್ನಿಸುವ ಕ್ರಮವೆಂದು ಸಮರ್ಥಿಸಬಹುದು.

ಉಳಿಯುವುದು ಸ್ವೀಕಾರದ ಪ್ರಶ್ನೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ 'ಮಿತಾಕ್ಷರಾ'ವನ್ನು ಬರೆದ ವಿಜ್ಞಾನೇಶ್ವರನ ಪ್ರಕಾರ, ಕೊಡುವವನು ತನ್ನ ಸ್ವತ್ವವನ್ನು ಬಿಟ್ಟ ಮಾತ್ರಕ್ಕೆ ದಾನ ಮುಗಿಯುವುದಿಲ್ಲ, ಪಡೆಯುವವನು ಸ್ವೀಕರಿಸಿದಾಗಲೇ ಅದು ಪೂರ್ಣ. ಅವನು ಹೇಳಿದ್ದು ಆಸ್ತಿಯ ಬಗ್ಗೆ. ಆದರೂ ಮಾತು ಬಾರದ ಶಿಶುವಿನ ಪರವಾಗಿ ಸ್ವೀಕರಿಸುವವಳು ತಾಯಿಯಾದಲ್ಲಿ, ಅವಳ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು. ಆಶಾ ಕಾರ್ಯಕರ್ತೆ ಕೊಟ್ಟುಹೋಗುವ 50 ಮಿಲಿಲೀಟರ್ ಬಾಟಲಿಯಲ್ಲಿ ಒಟ್ಟು 1000 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹದ ತೂಕದ ಕಿಲೋಗ್ರಾಂ ಒಂದಕ್ಕೆ 60 ಮಿಲಿಗ್ರಾಂ ದಾಟಿದರೆ ಪ್ರಾಣಾಪಾಯವಿರುವುದರಿಂದ, 8 ಕಿಲೋಗ್ರಾಂ ತೂಗುವ ಮಗು ಅದರಲ್ಲಿ ಅರ್ಧ ಕುಡಿದರೂ ಅಪಾಯದ ಗೆರೆ ದಾಟುತ್ತದೆ. ಬಾಟಲಿಯನ್ನು ಮಗುವಿನ ಕೈಗೆಟುಕದಂತೆ ಇಡಬೇಕೆಂಬುದನ್ನೂ, ಏಕೆ ಇಡಬೇಕೆಂಬುದನ್ನೂ ತಾಯಿಗೆ ಬಿಡಿಸಿ ಹೇಳುವುದು ಆ ಕೊಡುವಿಕೆಯ ಭಾಗವೇ ಹೊರತು ಅದಕ್ಕೆ ಅಂಟಿಸಿದ ಎಚ್ಚರಿಕೆಯ ಚೀಟಿಯಲ್ಲ.