ವಾಲಿಯ ಪ್ರಶ್ನೆ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ, ಬತ್ತದ ಗದ್ದೆಗಳ ಹಸುರಿನ ಅಂಚಿಗೆ ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಎದ್ದಿರುವ ಬೆಟ್ಟಗಳಲ್ಲಿ, ಅಂಜನಾದ್ರಿಗೂ ಪಂಪಾಸರೋವರಕ್ಕೂ ಬರುವ ಯಾತ್ರಿಕರ ಸಂದಣಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯಾದರೂ, ಅದೇ ಬೆಟ್ಟಗಳ ನಡುವೆ ಜನರು ವಾಲಿಯ ಕಿಲ್ಲೆಯೆಂದು ತೋರಿಸುವ ತಾಣವನ್ನು ಹುಡುಕಿಕೊಂಡು ಹೋಗುವವರು ವಿರಳ. ಹನುಮನು ಹುಟ್ಟಿದ ನೆಲವಿದೆಂಬ ಹೆಮ್ಮೆ ಈ ಸೀಮೆಗುಂಟು. ವಾಲಿಯು ಬಿದ್ದ ನೆಲವೂ ಇದೇ ಎಂಬ ನೆನಪು ಮಾತ್ರ ಸ್ವಲ್ಪ ಮಸುಕು. ಹೊಳೆಯ ಆಚೆ ನಿಂಬಾಪುರದ ಬಳಿಯಲ್ಲಿರುವ ಬೂದಿಯ ದಿಬ್ಬವನ್ನು ವಾಲಿಯ ದೇಹವು ಬೆಂದ ಸ್ಥಳವೆಂದು ಹಳ್ಳಿಗರು ಹೇಳುತ್ತ ಬಂದಿದ್ದಾರೆ. ಈ ಪ್ರಾಂತದ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ತಮ್ಮ ಹಟ್ಟಿಗಳಲ್ಲಿ ಸಗಣಿಯನ್ನು ಸುಟ್ಟುದರಿಂದ ಆದ ರಾಶಿಗಳೆಂದು ಆಲ್ಚಿನ್ ಮೊದಲಾದ ಪ್ರಾಕ್ತನಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಯಾವ ಮಾತನ್ನು ನಂಬಿದರೂ ನಮಗಿಂತ ಮೊದಲು ಇಲ್ಲಿ ಬಾಳಿದವರ ಗುರುತು ಅದು.

ಬಾಣದ ಪೆಟ್ಟಿನಿಂದ ನೆಲಕ್ಕೊರಗಿದ ವಾಲಿಯು ರಾಮನನ್ನು ಕೇಳುವ ಮಾತುಗಳಿಗೆ ವಾಲ್ಮೀಕಿಯು ಕಿಷ್ಕಿಂಧಾಕಾಂಡದಲ್ಲಿ ಒಂದು ಸರ್ಗವನ್ನೇ ಮೀಸಲಿಟ್ಟಿದ್ದಾನೆ. ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ ಎಂಬ ಪ್ರಶ್ನೆಯೊಂದೇ ಲೋಕದ ಬಾಯಲ್ಲಿ ಉಳಿದುಕೊಂಡಿದೆ. ಆದರೆ ವಾಲಿಯ ಆಕ್ಷೇಪದ ತಿರುಳು ಅದಕ್ಕಿಂತ ಆಳವಾದುದು. ನಿನ್ನ ನಾಡಿಗಾಗಲಿ ನಿನ್ನ ಪಟ್ಟಣಕ್ಕಾಗಲಿ ನಾನು ಕೇಡು ಬಗೆದವನಲ್ಲ. ಭೂಮಿ, ಚಿನ್ನ, ಬೆಳ್ಳಿ ಇವು ಕಲಹಕ್ಕೆ ಕಾರಣವಾಗುವ ವಸ್ತುಗಳು. ನನ್ನ ಕಾಡಿನಲ್ಲಿ, ಅದರ ಹಣ್ಣುಗಳಲ್ಲಿ, ನಿನಗೇನು ಆಸೆ? ಆ ಕಪಿರಾಜನು ಕೇಳುವುದರ ಭಾವ ಇಷ್ಟು. ಅದರ ಒಳಗೆ, ನನ್ನ ಮೇಲೆ ನ್ಯಾಯಾಧೀಶನಾಗಲು ನಿನಗೆ ಅಧಿಕಾರವನ್ನು ಕೊಟ್ಟವರಾರು ಎಂಬ ಪ್ರಶ್ನೆ ಅಡಗಿದೆ.

ರಾಮನ ಉತ್ತರ ಎರಡು ಬಗೆಯದು. ಬೆಟ್ಟ ಕಾಡುಗಳ ಸಹಿತವಾಗಿ ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಮೃಗಪಕ್ಷಿಮನುಷ್ಯರ ನಿಗ್ರಹಾನುಗ್ರಹಗಳೆರಡೂ ಅವರ ಅಧೀನ, ಭರತನ ಆಳ್ವಿಕೆಯಲ್ಲಿ ಧರ್ಮವನ್ನು ನಡೆಸುವುದಕ್ಕಾಗಿ ನಾವು ತಿರುಗುತ್ತಿದ್ದೇವೆ, ತಮ್ಮನು ಬದುಕಿರುವಾಗಲೇ ಅವನ ಪತ್ನಿಯಾದ ರುಮೆಯನ್ನು ಇಟ್ಟುಕೊಂಡ ನೀನು ದಂಡನಾರ್ಹ ಎಂಬುದು ಮೊದಲನೆಯದು. ನೀನು ಶಾಖಾಮೃಗ, ಮೃಗವನ್ನು ಬಲೆಯಿಂದಲೋ ಮರೆಯಿಂದಲೋ ಕೊಲ್ಲುವುದರಲ್ಲಿ ದೋಷವಿಲ್ಲ ಎಂಬುದು ಎರಡನೆಯದು. ವಾಲಿಯು ಮನುಷ್ಯಧರ್ಮಕ್ಕೆ ಒಳಪಟ್ಟವನಾದರೆ ಅವನನ್ನು ಬೇಟೆಯ ಮೃಗದಂತೆ ಹೊಡೆಯಲಾಗದು. ಮೃಗವಾದರೆ ರುಮೆಯ ಮಾತೇ ಅಲ್ಲಿ ಸಲ್ಲದು. ಪರಂಪರೆಯ ವ್ಯಾಖ್ಯಾನಕಾರರು ಈ ತೊಡಕನ್ನು ಬಿಡಿಸಲು ಪಟ್ಟ ಶ್ರಮ ಅಲ್ಪವಲ್ಲ, ಅವರ ಭಕ್ತಿಯನ್ನು ಹಗುರಾಗಿ ಕಾಣುವ ಉದ್ದೇಶವೂ ನನಗಿಲ್ಲ. ಆದರೂ ವಾಲಿಗೆ ಇಷ್ಟು ದೀರ್ಘವಾಗಿ ಮಾತನಾಡಲು ಎಡೆಗೊಟ್ಟ ಕವಿಯ ಧೈರ್ಯವನ್ನು, ಆ ಮಾತನ್ನು ತಡೆಯದೆ ಕೇಳಿದ ನಾಯಕನ ತಾಳ್ಮೆಯನ್ನು ಮೆಚ್ಚಿಕೊಂಡ ಮೇಲೂ, ಪ್ರಶ್ನೆ ಪ್ರಶ್ನೆಯಾಗಿಯೇ ನಿಲ್ಲುತ್ತದೆ.

ಶಿಕ್ಷೆಗೆ ಮನುಷ್ಯ, ಹಕ್ಕುಗಳಿಗೆ ಮೃಗ ಎಂಬ ಈ ದ್ವಿವಿಧ ನ್ಯಾಯವನ್ನು ಮುಂದೆ ಸಮುದ್ರಗಳನ್ನು ದಾಟಿ ಹೋದ ದೊರೆಗಳು ಎಷ್ಟು ಕಾಲ, ಎಷ್ಟು ನಿಶ್ಚಿಂತೆಯಿಂದ ನಡೆಸಿದರೆಂಬುದು ಇತಿಹಾಸದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿದೆ. 1493ರಲ್ಲಿ ಪೋಪ್ ಆರನೆಯ ಅಲೆಕ್ಸಾಂಡರನು ತಾನು ಕಣ್ಣಿಂದ ಕಾಣದ ದ್ವೀಪಗಳನ್ನೂ ಭೂಖಂಡಗಳನ್ನೂ ಅಲ್ಲಿಯ ಜನರನ್ನು ಒಂದು ಮಾತು ಕೇಳದೆ ಸ್ಪೇನಿನ ದೊರೆಗಳಿಗೆ ಧಾರೆಯೆರೆದು ಕೊಟ್ಟನು. ಆ ಜನರಿಗೆ ವಿವೇಕವುಂಟೆ, ಅವರು ಹುಟ್ಟು ದಾಸರೇ ಎಂದು 1550ರಿಂದ ವಲ್ಲಡೋಲಿಡ್ ನಗರದಲ್ಲಿ ಲಾಸ್ ಕಾಸಾಸ್ ಮತ್ತು ಸೆಪುಲ್ವೇದ ಎಂಬ ಇಬ್ಬರು ವಿದ್ವಾಂಸರು ವಾದ ಹೂಡಿದರು. ವಾದದ ವಿಷಯವಾಗಿದ್ದವರಲ್ಲಿ ಒಬ್ಬನನ್ನೂ ಸಭೆಗೆ ಕರೆದಿರಲಿಲ್ಲ. 1823ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಮಾರ್ಷಲ್, ಕಂಡುಹಿಡಿದವರಿಗೆ ಭೂಮಿಯ ಒಡೆತನ, ಮೊದಲಿದ್ದವರಿಗೆ ವಾಸದ ಹಕ್ಕು ಮಾತ್ರ ಎಂದು ತೀರ್ಪಿತ್ತನು. ವ್ಯಾಟಿಕನ್ ಈ ಸಿದ್ಧಾಂತವನ್ನು ಔಪಚಾರಿಕವಾಗಿ ತಳ್ಳಿಹಾಕಿದ್ದು 2023ರ ಮಾರ್ಚಿನಲ್ಲಿ. ಧರ್ಮಪೀಠಗಳಿಗೆ ಅವಸರವಿರುವುದಿಲ್ಲ.

ಇವುಗಳಿಗಿಂತ ಹೆಚ್ಚು ವಿಚಾರಾರ್ಹವಾದುದು ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯವು 1992ರ ಜೂನ್ 3ರಂದು ಕೊಟ್ಟ ತೀರ್ಪು. ಮರ್ರೇ ದ್ವೀಪದ ಎಡ್ಡಿ ಮಾಬೋ ಮತ್ತು ಅವನ ಸಂಗಡಿಗರು 1982ರಲ್ಲಿ ತಂದ ವ್ಯಾಜ್ಯದಲ್ಲಿ, ಬಿಳಿಯರು ಬಂದಾಗ ಆ ನೆಲವು ಯಾರದೂ ಅಲ್ಲದ ನೆಲವಾಗಿತ್ತೆಂಬ ಹಳೆಯ ಕಲ್ಪನೆಯನ್ನು ನ್ಯಾಯಾಲಯವು ಕಿತ್ತೊಗೆಯಿತು. ಆ ವೇಳೆಗೆ ಮಾಬೋ ತೀರಿಕೊಂಡು ಕೆಲವು ತಿಂಗಳುಗಳಾಗಿದ್ದವು. ಆದರೆ ಅದೇ ತೀರ್ಪಿನಲ್ಲಿ, ಬ್ರಿಟಿಷ್ ಸಿಂಹಾಸನವು ಆ ಭೂಮಿಯ ಮೇಲೆ ಪ್ರಭುತ್ವವನ್ನು ಪಡೆದದ್ದು ಸರಿಯೇ ಎಂಬುದನ್ನು ಮಾತ್ರ ದೇಶದೊಳಗಣ ನ್ಯಾಯಾಲಯದಲ್ಲಿ ಕೇಳುವಂತಿಲ್ಲವೆಂದೂ ಸಾರಲಾಯಿತು. ನ್ಯಾಯಾಲಯವು ಕೂತ ಪೀಠವೇ ಆ ಪ್ರಭುತ್ವದಿಂದ ಬಂದುದು; ತಾನು ಕೂತ ಕೊಂಬೆಯನ್ನು ಅದು ಹೇಗೆ ಕಡಿದೀತು? ಮೂಲನಿವಾಸಿಗಳಿಗೆ ಲೋಕವು ಕೊಡುವ ಮನ್ನಣೆಯೆಲ್ಲವೂ, ಎಷ್ಟೇ ಉದಾರವಾಗಿದ್ದರೂ, ವಾಲಿಯ ಪ್ರಶ್ನೆಯನ್ನು ಬದಿಗಿಟ್ಟೇ ಆರಂಭವಾಗುತ್ತದೆಯೆಂದು ನನಗೆ ತೋರುವುದು ಇಂಥ ಕಡೆಯಲ್ಲಿ. ನಿಗ್ರಹದ ಕೈಯೇ ಅನುಗ್ರಹವನ್ನೂ ಮಾಡುತ್ತಿರುತ್ತದೆ.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ರಾಮಕಥೆಯಿತ್ತು. ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಹೆಸರಿಸುವ, ಜೈನರಿಗೆ ಮಹಾತೀರ್ಥವಾಗಿದ್ದ ಕೊಪಣನಗರವೇ ಇಂದಿನ ಕೊಪ್ಪಳ. ಜೈನ ಪರಂಪರೆಯಲ್ಲಿ, ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿಯೂ, ವಾನರರು ಕೋತಿಗಳಲ್ಲ. ಕಪಿಯ ಚಿಹ್ನೆಯನ್ನು ಧ್ವಜದಲ್ಲಿ ಧರಿಸಿದ ಮನುಷ್ಯರು, ವಿದ್ಯಾಧರವಂಶದವರು. ವಾಲಿಯು ಅಲ್ಲಿ ಮರೆಯ ಬಾಣಕ್ಕೆ ಬೀಳುವುದಿಲ್ಲ. ರಾಜ್ಯವನ್ನು ತಮ್ಮನಿಗೊಪ್ಪಿಸಿ ದೀಕ್ಷೆಯನ್ನು ಕೈಕೊಳ್ಳುತ್ತಾನೆ. ಎಂಥ ಘನವಾದ ತಿದ್ದುಪಡಿ ಇದು! ಆದರೂ ಒಂದು ಸಂದೇಹ ಉಳಿಯುತ್ತದೆ. ವಾನರನನ್ನು ಮನುಷ್ಯನೆಂದು ಒಪ್ಪುವುದಕ್ಕೆ ಅವನನ್ನು ಮೊದಲು ವಿದ್ಯಾಧರನನ್ನಾಗಿಯೂ ಶ್ರಾವಕನನ್ನಾಗಿಯೂ ಮಾಡಿಕೊಳ್ಳಬೇಕಾಯಿತಲ್ಲವೇ? ಕಾಡಿನಲ್ಲಿ ಕಾಡಿನವನಾಗಿಯೇ ಇರುವವನಿಗೆ ಅಲ್ಲಿ ಎಡೆಯಿಲ್ಲ. 1957ರ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆ ಇದೇ ಮನೋಧರ್ಮದ್ದು: ಬುಡಕಟ್ಟಿನವರನ್ನು ಕಾಪಾಡಬೇಕು, ಏಕೆಂದರೆ ಅವರು ಕ್ರಮೇಣ ನಮ್ಮಂತಾಗಬೇಕು. ಭಾರತವು ಅದಕ್ಕೆ 1958ರಲ್ಲಿ ಅಂಕಿತವಿತ್ತಿತು. ಆ ಧೋರಣೆಯನ್ನು ತೊರೆದ 1989ರ 169ನೆಯ ಒಡಂಬಡಿಕೆಗೆ ಇಂದಿಗೂ ಇತ್ತಿಲ್ಲ.

2007ರ ಸೆಪ್ಟೆಂಬರ್ 13ರಂದು ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ಮೂಲನಿವಾಸಿ ಜನಗಳ ಹಕ್ಕುಗಳ ಘೋಷಣೆಯನ್ನು 144 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದ ನಾಲ್ಕು ದೇಶಗಳು ಅಮೆರಿಕ, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್. ಅವು ಅನಂತರ ಮನಸ್ಸು ಬದಲಾಯಿಸಿದವು. ಭಾರತವು ಪರವಾಗಿ ಮತವಿತ್ತರೂ, ಸ್ವತಂತ್ರ ಭಾರತದ ಪ್ರಜೆಗಳೆಲ್ಲರೂ ಮೂಲನಿವಾಸಿಗಳೇ ಎಂಬ ತನ್ನ ನಿಲುವನ್ನು ಬಿಡಲಿಲ್ಲ. ಈ ನಿಲುವನ್ನು ನುಣುಚಿಕೊಳ್ಳುವ ಜಾಣತನವೆಂದು ಜರೆಯುವವರು ಒಮ್ಮೆ ಕೊಪ್ಪಳ ಜಿಲ್ಲೆಯನ್ನು ಸುತ್ತಿಬರಬೇಕು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಮೇಲೆ ನಾನೂರರ ಸುಮಾರಿನ ಶಿಲಾಸಮಾಧಿಗಳಿವೆ; ಮೋರ್ಯರೆಂಬ ಗುಜ್ಜಾರಿ ಜನ ಕಟ್ಟಿದ ಮನೆಗಳವು ಎನ್ನುತ್ತಾರೆ ಸುತ್ತಲಿನವರು. ಅವರ ಸಂತತಿ ತಾವೆಂದು ಹೇಳಿಕೊಳ್ಳುವವರು ಇಂದು ಯಾರೂ ಇಲ್ಲ. ಗುಡ್ಡವು ಮಾತ್ರ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಗತಿಸಿದವರಿಗೆ ಮನ್ನಣೆ ಕೊಡುವುದು ಸುಲಭ. ಇನ್ನು ವಾಲ್ಮೀಕಿಯನ್ನು ಕುಲಗುರುವೆಂದು ಪೂಜಿಸುವ ಬೇಡ ನಾಯಕರು ಇಂದು ಪರಿಶಿಷ್ಟ ಪಂಗಡದವರು. ಅವರ ಪೂರ್ವಿಕರು ಕನಕಗಿರಿಯಲ್ಲಿ ಪಾಳೆಯಗಾರರಾಗಿ ಆಳಿ, ಕಣ್ಣಿದ್ದವರೆಲ್ಲ ನೋಡಬೇಕೆಂದು ಗಾದೆಯಾಗುವಂಥ ಗುಡಿಯನ್ನು ಬಿಟ್ಟುಹೋದವರು. ಹೀಗಿರುವಾಗ ಯಾರು ಮೊದಲಿನವರು, ಯಾರು ಅನಂತರದವರು ಎಂಬ ಲೆಕ್ಕ ಇಲ್ಲಿ ತೀರುವಂಥದಲ್ಲ. ಆದರೆ ಲೆಕ್ಕ ತೀರದೆಂಬುದರಿಂದ ಋಣ ತೀರಿತೆಂದಾಗುವುದಿಲ್ಲ. ವಾಲಿಯು ಆಧಾರವಾಗಿ ಹಿಡಿದದ್ದು ತಾನು ಮೊದಲು ಬಂದವನೆಂಬುದನ್ನಲ್ಲ, ತನ್ನನ್ನು ಕೇಳದೆ ತನ್ನ ಮೇಲೆ ಧರ್ಮವನ್ನು ಹೇರಲಾಯಿತೆಂಬುದನ್ನು.

ತಮ್ಮವರು ಯಾರೆಂಬುದನ್ನು ತಾವೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಆ ಘೋಷಣೆಯ 33ನೆಯ ವಿಧಿ ಎತ್ತಿಹಿಡಿಯುತ್ತದೆ. ನಮ್ಮಲ್ಲಿ ಅದು ಪಟ್ಟಿಯ ಕೆಲಸ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆ ನಂಬಿದ ಹೊಲಗಳ ನಡುವೆ ತಾಂಡಗಳಲ್ಲಿ ಬಾಳುತ್ತ, ಸುಗ್ಗಿ ಕೈಕೊಟ್ಟಾಗ ಗುಳೆ ಹೋಗುವ ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಪೂರ್ವದ ತೆಲಂಗಾಣದಲ್ಲಿ ಅವರ ಬಂಧುಗಳು ಪರಿಶಿಷ್ಟ ಪಂಗಡದವರು. ಉತ್ತರದ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವರು. ಮಾತು ಒಂದೇ, ಸೇವಾಲಾಲರ ಭಕ್ತಿ ಒಂದೇ. ಅವರು ಯಾರೆಂಬುದು ಮಾತ್ರ 1956ರಲ್ಲಿ ಗೆರೆಯೆಳೆದ ಗಡಿಗಳನ್ನು ದಾಟುವಾಗ ಬದಲಾಗುತ್ತದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪಟ್ಟಿ ಇದಕ್ಕಿಂತ ಕ್ರೂರವಾದುದಾಗಿತ್ತು. ಅದರಲ್ಲಿ ಹೆಸರು ಸೇರಿದ ಜನಾಂಗದವನು ಹುಟ್ಟಿನಿಂದಲೇ ಅಪರಾಧಿ; ಹುಬ್ಬಳ್ಳಿಯ ಸೆಟ್ಲಮೆಂಟಿನ ಬೇಲಿಯೊಳಗೆ ಅಂಥವರನ್ನು ಕೂಡಿಹಾಕಲಾಗಿತ್ತು. ಆ ಪಟ್ಟಿ 1952ರಲ್ಲಿ ರದ್ದಾಯಿತು. ಒಂದು ಪಟ್ಟಿ ಸುಡುತ್ತದೆ, ಇನ್ನೊಂದು ಕಾಯುತ್ತದೆ. ಆದರೆ ಎರಡನ್ನೂ ಬರೆಯುವ ಲೇಖನಿ ಒಂದೇ. ಪ್ರಶಸ್ತಿಗಳ ಪಟ್ಟಿಯೂ ಒಂದುಂಟು. 2025ರಲ್ಲಿ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ಜೀವಮಾನವಿಡೀ ತೊಗಲುಗೊಂಬೆ ಆಡಿಸಿದ ಇಳಿವಯಸ್ಸಿನ ಆ ತಾಯಿಗೆ, ಪದ್ಮಶ್ರೀ ಬಂದಿತು. ಪ್ರಶಸ್ತಿ ಎಲ್ಲರಿಗೂ ಸಂತೋಷ ತಂದದ್ದು ದಿಟ. ಆದರೆ ತಲೆಮಾರುಗಳ ಕಾಲ ಊರೂರು ಅಲೆಯುತ್ತ ಈ ನಾಡಿಗೆ ರಾಮಾಯಣವನ್ನು ತೋರಿಸಿದವರು ಅವರ ಕುಲದವರೇ ಆದ್ದರಿಂದ, ಯಾರು ಯಾರನ್ನು ಮನ್ನಿಸಬೇಕಾಗಿತ್ತೆಂದು ಕೇಳಿಕೊಳ್ಳಬಹುದು.

ಹಾಗಾದರೆ ಹೊರಗಿನವರ ಮನ್ನಣೆಯೇ ಬೇಡವೆನ್ನೋಣವೇ? 1923ರಲ್ಲಿ ಇರೊಕ್ವಾ ಒಕ್ಕೂಟದ ಮುಖಂಡನಾದ ದೆಸ್ಕಾಹೆ, ತನ್ನ ಜನವೇ ಕೊಟ್ಟ ರಹದಾರಿಯನ್ನು ಹಿಡಿದು, ಕೆನಡ ಸರ್ಕಾರದ ಮೇಲಣ ದೂರನ್ನು ಹೊತ್ತು ಜಿನೀವದ ರಾಷ್ಟ್ರಸಂಘದ ಬಾಗಿಲಿಗೆ ಹೋದನು. ಅಲ್ಲಿ ಅವನಿಗೆ ಮಾತನಾಡಲು ಅವಕಾಶ ಸಿಕ್ಕಲಿಲ್ಲ. ಹೊರಗಿನವರ ಪ್ರಭುತ್ವವನ್ನು ಒಪ್ಪದವನೇ ಹೊರಗಿನವರ ಬಾಗಿಲನ್ನು ತಟ್ಟಿದ್ದರಲ್ಲಿ ವಿರೋಧವಿದೆಯೆಂದು ಕೆಲವರಿಗೆ ತೋರಬಹುದು. ವಾಲ್ಮೀಕಿಗೆ ಹಾಗೆ ತೋರಲಿಲ್ಲ. ಭೂಮಿಯೆಲ್ಲ ತಮ್ಮದೆಂದ ರಾಮನು ವನವಾಸದ ವ್ರತಕ್ಕೆ ಕಟ್ಟುಬಿದ್ದು ಕಿಷ್ಕಿಂಧೆಯ ಬಾಗಿಲನ್ನು ದಾಟಲಿಲ್ಲ. ಮಳೆಗಾಲವನ್ನು ಬೆಟ್ಟದ ಗುಹೆಯಲ್ಲಿ ಕಳೆದನು. ಒಳಗೆ ಸುಗ್ರೀವನಿಗೆ ಪಟ್ಟವಾಯಿತು, ವಾಲಿಯ ಮಗನಾದ ಅಂಗದನು ಯುವರಾಜನಾದನು. ಮುಂದೆ ಸೀತೆಯನ್ನು ಹುಡುಕುವುದಕ್ಕೆ ಚಿಕ್ಕಪ್ಪನು ಕೊಟ್ಟ ಒಂದು ತಿಂಗಳ ಗಡುವು ಮೀರಿದಾಗ, ಬರಿಗೈಯಲ್ಲಿ ಹಿಂದಿರುಗಿದರೆ ಉಳಿಗಾಲವಿಲ್ಲವೆಂದು ದಕ್ಷಿಣದ ಕಡಲದಡದಲ್ಲಿ ಪ್ರಾಯೋಪವೇಶಕ್ಕೆ ಮನಸ್ಸು ಮಾಡಿದ ಅಂಗದನು ಸಂಗಡಿಗರಿಗೆ ಹೇಳುವ ಮಾತಿನಲ್ಲಿ, ತನಗೆ ಯುವರಾಜಪಟ್ಟವನ್ನು ಕಟ್ಟಿದವನು ಸುಗ್ರೀವನಲ್ಲ, ರಾಮನೆಂಬುದು ಸೇರಿದೆ. ತಂದೆಯನ್ನು ಕೊಂದವನ ಅಧಿಕಾರವನ್ನು ತಂದೆ ಪ್ರಶ್ನಿಸಿದನು. ತನ್ನ ಪಟ್ಟವು ಬಂದದ್ದು ಸ್ವಕುಲದ ಅರಸನಿಂದಲ್ಲ, ಅದೇ ಅಧಿಕಾರದಿಂದ ಎಂದು ಮಗನು ನೆನೆದನು. ಇಬ್ಬರೂ ಸುಳ್ಳಾಡುತ್ತಿರಲಿಲ್ಲ.