ಕೇಳದ ಪ್ರಶ್ನೆಗೆ ಉತ್ತರ

ಪತ್ತೇದಾರಿ ಕಥೆಗಳನ್ನು ನಾನು ನೋಡುವುದು ಕೊಲೆಗಾರ ಯಾರೆಂದು ತಿಳಿಯುವ ಚಪಲಕ್ಕೆ. ಅದು ತಿಳಿದರೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಆದರೆ ‘ದಿ ನೈಟ್ ಆಫ್’ ಎಂಬ ಅಮೆರಿಕದ ಧಾರಾವಾಹಿಯ ಎಂಟೂ ಕಂತುಗಳನ್ನು ನೋಡಿ ಮುಗಿಸಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2016ರಲ್ಲಿ ಬಂದ ಇದಕ್ಕೆ 2008ರ ಬ್ರಿಟಿಷ್ ಧಾರಾವಾಹಿ ‘ಕ್ರಿಮಿನಲ್ ಜಸ್ಟಿಸ್’ ಮೂಲ. ಆ ಹೆಸರಿನಲ್ಲೇ 2019ರಲ್ಲಿ ಅದು ಹಿಂದಿಗೂ ಬಂತು.

ನಾಜ್ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಪಾಕಿಸ್ತಾನಿ ಮೂಲದ ಸಂಸಾರವೊಂದರ ಹುಡುಗ. ಒಂದು ರಾತ್ರಿ ಅಪ್ಪನ ಟ್ಯಾಕ್ಸಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಟ್ಯಾಕ್ಸಿ ಹತ್ತಿದ ಹುಡುಗಿಯೊಬ್ಬಳ ಮನೆಗೆ ಹೋಗುತ್ತಾನೆ. ಅಲ್ಲಿ ಎಚ್ಚರವಾದಾಗ ನೋಡಿದರೆ ಆಕೆ ಇರಿತಕ್ಕೆ ಸಿಕ್ಕಿ ಸತ್ತಿದ್ದಾಳೆ. ನಡುವೆ ಏನಾಯಿತೆಂದು ಅವನಿಗೇ ನೆನಪಿಲ್ಲ. ಗಾಬರಿಯಲ್ಲಿ ಚಾಕುವನ್ನೂ ತೆಗೆದುಕೊಂಡು ಓಡಿ ಸಿಕ್ಕಿಬೀಳುತ್ತಾನೆ. ತನಿಖೆ ಮಾಡುವವನು ಡೆನ್ನಿಸ್ ಬಾಕ್ಸ್, ನಿವೃತ್ತಿಯ ಅಂಚಿನಲ್ಲಿರುವ ಪತ್ತೇದಾರ. ಕೂಗಾಡುವವನಲ್ಲ, ಹೊಡೆಯುವವನಲ್ಲ. ಸಿಕ್ಕ ಸಾಕ್ಷ್ಯವನ್ನೆಲ್ಲ ನ್ಯಾಯಾಲಯಕ್ಕೆ ಒಪ್ಪಿಸಿ, ತಾನೂ ಸಾಕ್ಷಿ ಹೇಳುತ್ತಾನೆ. ಅಲ್ಲಿಯವರೆಗೆ ಅವನದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಆಮೇಲೆ ಅವನಿಗೆ ಸುಮ್ಮನಿರಲಾಗುವುದಿಲ್ಲ. ರಸ್ತೆಯ ಕ್ಯಾಮೆರಾ ಚಿತ್ರಗಳನ್ನು ಮತ್ತೆ ನೋಡುತ್ತಾನೆ. ಆ ರಾತ್ರಿ ಹುಡುಗಿ ಬೇರೊಬ್ಬನಿಗೆ ಹೆದರಿದಂತೆ ಕಾಣುತ್ತದೆ. ಹುಡುಕುತ್ತ ಹೋದರೆ ಅವಳ ಹಣಕಾಸು ನೋಡಿಕೊಳ್ಳುತ್ತಿದ್ದವನ ಕಡೆಗೆ ಬೆರಳು ತಿರುಗುತ್ತದೆ. ಅದನ್ನೆಲ್ಲ ಸರಕಾರಿ ವಕೀಲೆ ಹೆಲೆನ್ ವೈಸ್ ಮುಂದೆ ಇಡುತ್ತಾನೆ. ಹುಡುಗನ ವಿರುದ್ಧವೇ ಹೆಚ್ಚು ಪುರಾವೆ ಇದೆಯೆಂಬುದು ಆಕೆಯ ಉತ್ತರ. ಆರೋಪಿಗೆ ಅನುಕೂಲವಾದ ಮಹತ್ವದ ಸಾಕ್ಷ್ಯವನ್ನು ಸರಕಾರದ ಪಕ್ಷ ಮುಚ್ಚಿಡಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1963ರಲ್ಲೇ, ಬ್ರೇಡಿ ಪ್ರಕರಣದಲ್ಲಿ ಹೇಳಿದೆ. ಆದರೂ ವಿಚಾರಣೆ ಮುಂದೆ ಹೋಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಅದೇ.

ಯಾಕೆಂದರೆ ಆಕೆಯ ಮಾತನ್ನು ನಾನು ಮೊದಲೇ ಕೇಳಿದ್ದೆ. ಹಲವು ವರ್ಷಗಳ ಹಿಂದೆ ನಾನು ಮೇಷ್ಟ್ರಾಗಿದ್ದಾಗ ಪರೀಕ್ಷಾ ಕೊಠಡಿಯಲ್ಲಿ ಒಬ್ಬ ಹುಡುಗನ ಕಾಲ ಕೆಳಗೆ ನಕಲು ಚೀಟಿ ಸಿಕ್ಕಿತು. ತನ್ನದಲ್ಲವೆಂದು ಅವನು ಅತ್ತ. ಎಲ್ಲರೂ ಹಾಗೇ ಹೇಳುತ್ತಾರೆಂದು ನಾನು ವರದಿ ಬರೆದು ಸಹಿ ಹಾಕಿದೆ. ಎರಡು ದಿನದ ಮೇಲೆ ಮನೆಯಲ್ಲಿ ತರಗತಿಯ ಹಳೆಯ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. ತಲೆಕಟ್ಟನ್ನು ಅಕ್ಷರಕ್ಕೆ ತಾಗಿಸದೆ ಮೇಲೆ ತೇಲಿಸಿ ಬರೆದ ಬರಹವೊಂದು ಕಣ್ಣಿಗೆ ಬಿತ್ತು. ಚೀಟಿಯ ಅಕ್ಷರ ಹಾಗೇ ಇತ್ತು. ಬರೆದವನು ಆ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗ.

ಮುಖ್ಯಸ್ಥರಿಗೆ ಹೇಳಿದೆ. “ವರದಿ ಹೋಗಿಯಾಯ್ತಲ್ಲ ಮೇಷ್ಟ್ರೇ. ಚೀಟಿ ಇದ್ದದ್ದು ಅವನ ಕಾಲ ಕೆಳಗೇ ತಾನೆ?” ಅಂದರು. ನನಗೆ ಒಳಗೊಳಗೇ ಹಗುರಾಯಿತು. ವಿಚಾರಣೆಯ ದಿನ ನನ್ನನ್ನು ಕೇಳಿದ್ದೂ ಅದೊಂದೇ: ಚೀಟಿ ಎಲ್ಲಿತ್ತು? ಇದ್ದ ಜಾಗ ಹೇಳಿದೆ. ಅಕ್ಷರದ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗನಿಗೆ ಒಂದು ವರ್ಷ ಹೋಯಿತು. ಮುಂದೆ ಅವನು ನಮ್ಮಲ್ಲಿಗೆ ಬರಲಿಲ್ಲ.

ಕೇಳಿದ್ದಕ್ಕೆ ಸತ್ಯವನ್ನೇ ಹೇಳಿದೆನೆಂದು ಬಹಳ ಕಾಲ ಸಮಾಧಾನ ಮಾಡಿಕೊಂಡೆ. ಈಗ ಅದು ನಿಲ್ಲುವುದಿಲ್ಲ. ಮೊದಲು ನಾನು ಅವನನ್ನು ಅನುಮಾನಿಸಿದ್ದು ತಪ್ಪು ತಿಳಿವಳಿಕೆ, ಅದನ್ನು ಕ್ಷಮಿಸಬಹುದು. ಅಕ್ಷರ ಕಂಡ ಮೇಲೆ ಸುಮ್ಮನಾದದ್ದು ತಿಳಿವಳಿಕೆಯ ತಪ್ಪಲ್ಲ. ಅಪರಾಧ ಯಾರದೆಂದು ಖಚಿತವಾಗಿ ಹೇಳುವುದು ನನ್ನಿಂದ ಆಗದಿರಬಹುದು. ನನ್ನ ಅನುಮಾನವನ್ನು ತೀರ್ಪು ಕೊಡುವವರ ಕಿವಿಗೆ ಹಾಕುವುದು ಮಾತ್ರ ನನ್ನ ಕೈಯಲ್ಲೇ ಇತ್ತು. ತಕ್ಕಡಿ ತನ್ನಲ್ಲಿಟ್ಟದ್ದನ್ನಷ್ಟೇ ತೂಗುತ್ತದೆ.

ಧಾರಾವಾಹಿಯಲ್ಲಿ ವಕೀಲೆ ಕೊನೆಯ ವಾದ ಮಂಡಿಸುತ್ತಿರುವಾಗ ಬಾಕ್ಸ್ ಎದ್ದು ಹೊರಗೆ ನಡೆಯುತ್ತಾನೆ. ಅದನ್ನು ಕಂಡು ಆಕೆಯ ಮಾತು ತಡವರಿಸುತ್ತದೆ. ಹನ್ನೆರಡು ಜನ ಜ್ಯೂರಿಗಳು ಆರು ಆರಾಗಿ ಒಡೆಯುತ್ತಾರೆ. ಮತ್ತೆ ವಿಚಾರಣೆ ಬೇಡವೆಂದು ವಕೀಲೆಯೇ ಕೈಬಿಡುತ್ತಾಳೆ. ನಾಜ್ ಮನೆಗೆ ಬರುತ್ತಾನೆ, ಆದರೆ ಜೈಲಿನಲ್ಲಿ ಕಲಿತ ಮಾದಕ ಚಟದೊಂದಿಗೆ. ಮೊದಲಿನ ಮಗ ಅಪ್ಪ ಅಮ್ಮನಿಗೆ ಸಿಗುವುದಿಲ್ಲ. ಇದು ದೂರದ ದೇಶದ ಕಥೆಯೆನ್ನುವಂತಿಲ್ಲ. 2022ರ ಸರಕಾರಿ ಲೆಕ್ಕದಲ್ಲಿ ನಮ್ಮ ಜೈಲುಗಳಲ್ಲಿದ್ದವರ ಪೈಕಿ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನರು.

ಬಾಕ್ಸ್ ಎದ್ದದ್ದು ತಡವಾಗಿಯೇ. ಸಾಕ್ಷಿ ಕಟ್ಟೆಗೆ ಮರಳಿ ಹೋಗಿ ಎಲ್ಲವನ್ನೂ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಆದರೂ ಅವನು ಎದ್ದ. ವಿಚಾರಣೆಯ ದಿನ ನಾನು ಕುರ್ಚಿಯಲ್ಲೇ ಕೂತಿದ್ದೆ. ಹೊರಡುವಾಗ ಪ್ರಯಾಣಭತ್ಯೆಯ ಕಾಗದಕ್ಕೂ ಸಹಿ ಹಾಕಿ ಬಂದೆ.