ಒಂದು ಕ್ಷಣಕ್ಕೆ ವೇಗ ಇರಲು ಸಾಧ್ಯವೇ?

ಚಲನೆಯನ್ನು ವಿವರಿಸುವ ಪರಿಮಾಣಗಳಲ್ಲಿ ಜವ ತೀರ ಸರಳವಾದದ್ದು. ಸಾಗಿದ ದೂರವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ಸರಾಸರಿ ಜವ ಸಿಗುತ್ತದೆ. ವೇಗಕ್ಕೆ ದಿಕ್ಕೂ ಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ದೂರವಲ್ಲ, ಸ್ಥಾನಪಲ್ಲಟ. 400 ಮೀಟರಿನ ಪಥವನ್ನು 50 ಸೆಕೆಂಡಿನಲ್ಲಿ ಸುತ್ತಿ ಹೊರಟಲ್ಲಿಗೇ ಬಂದ ಓಟಗಾರನ ಸರಾಸರಿ ಜವ ಸೆಕೆಂಡಿಗೆ 8 ಮೀಟರ್, ಸರಾಸರಿ ವೇಗ ಸೊನ್ನೆ. ವೇಗ ಬದಲಾಗುವ ದರವೇ ವೇಗೋತ್ಕರ್ಷ. ಇಷ್ಟನ್ನು ಹೈಸ್ಕೂಲಿನ ಮಕ್ಕಳೂ ಹೇಳಿಯಾರು. ತೊಡಕು ಶುರುವಾಗುವುದು ಸರಾಸರಿಯನ್ನು ಬಿಟ್ಟು, ಇದೇ ಕ್ಷಣದಲ್ಲಿ ವೇಗ ಎಷ್ಟು ಎಂದು ಕೇಳಿದಾಗ.

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಚಿಂತಕ ಜೀನೋ ಈ ತೊಡಕನ್ನು ಬಾಣದ ಮೂಲಕ ಮುಂದಿಟ್ಟ. ಹಾರುವ ಬಾಣ ಯಾವ ಕ್ಷಣದಲ್ಲೂ ತನ್ನ ಉದ್ದದಷ್ಟೇ ಜಾಗದಲ್ಲಿರುತ್ತದೆ. ಆ ಕ್ಷಣದಲ್ಲಿ ಅದು ಕದಲಲಾರದು. ಪ್ರತಿ ಕ್ಷಣವೂ ಹೀಗೇ ಆದರೆ ಬಾಣ ಹಾರುವುದು ಯಾವಾಗ? ಕಾಲವೆಂದರೆ ಬಿಡಿ ಕ್ಷಣಗಳ ರಾಶಿಯಲ್ಲ, ಕ್ಷಣದಲ್ಲಿ ಚಲನೆಯೂ ಇಲ್ಲ, ನಿಶ್ಚಲತೆಯೂ ಇಲ್ಲ ಎಂದು ಅರಿಸ್ಟಾಟಲ್ ಉತ್ತರಿಸಿದ. ಜಾಣ ಉತ್ತರವೇ ಸರಿ, ಆದರೆ ಅದನ್ನು ಒಪ್ಪಿದರೆ ಕ್ಷಣದ ವೇಗವೆಂಬ ಮಾತಿಗೇ ಅರ್ಥವಿಲ್ಲದಾಗುತ್ತದೆ.

ಗಣಿತ ಇದಕ್ಕೊಂದು ದಾರಿ ಹುಡುಕಿತು. ಮೇಲಿನಿಂದ ಬಿಟ್ಟ ಕಲ್ಲು t ಸೆಕೆಂಡಿನಲ್ಲಿ ಸುಮಾರು 4.9 × t² ಮೀಟರ್ ಬೀಳುತ್ತದೆ. ಸರಿಯಾಗಿ 1 ಸೆಕೆಂಡ್ ತುಂಬಿದ ಕ್ಷಣದಲ್ಲಿ ಅದರ ವೇಗವೆಷ್ಟು? 1ರಿಂದ 2ನೇ ಸೆಕೆಂಡಿನವರೆಗಿನ ಸರಾಸರಿ ಸೆಕೆಂಡಿಗೆ 14.7 ಮೀಟರ್. ಅವಧಿಯನ್ನು 1ರಿಂದ 1.1ಕ್ಕೆ ಇಳಿಸಿದರೆ 10.29, 1.01ಕ್ಕೆ ಇಳಿಸಿದರೆ 9.849, 1.001ಕ್ಕೆ 9.8049. ಅವಧಿ ಕುಗ್ಗಿದಷ್ಟೂ ಉತ್ತರ 9.8ರ ಹತ್ತಿರಕ್ಕೆ ಸರಿಯುತ್ತದೆ. ಈ ಮಿತಿಯೇ ಆ ಕ್ಷಣದ ವೇಗ. ಗಮನಿಸಬೇಕಾದ್ದು, ಇಲ್ಲಿ ಸೊನ್ನೆಯಿಂದ ಭಾಗಿಸುವ ಪ್ರಸಂಗವೇ ಬರುವುದಿಲ್ಲ. ವೇಗ ಆ ಕ್ಷಣದೊಳಗೆ ಅಡಗಿಲ್ಲ. ಅಕ್ಕಪಕ್ಕದ ಕ್ಷಣಗಳಲ್ಲಿ ಕಲ್ಲು ಎಲ್ಲೆಲ್ಲಿತ್ತು ಎಂಬುದೇ ಅದನ್ನು ನಿರ್ಧರಿಸುತ್ತದೆ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು ದಿನದ ಸರಾಸರಿ ಗತಿಯಿಂದ ಬೇರ್ಪಡಿಸಿದ್ದರು. 17ನೇ ಶತಮಾನದಲ್ಲಿ ನ್ಯೂಟನ್, ಲೈಬ್ನಿಟ್ಸ್ ಇದಕ್ಕೆ ವ್ಯಾಪಕ ವಿಧಾನ ಕಟ್ಟಿದರು. ಮಿತಿಯ ಕಲ್ಪನೆ ಬಿಗಿಯಾದದ್ದು 19ನೇ ಶತಮಾನದಲ್ಲಿ.

ಮೇಲಕ್ಕೆಸೆದ ಚೆಂಡು ಈ ವಿಚಾರಕ್ಕೆ ಒಳ್ಳೆಯ ಪರೀಕ್ಷೆ. ತುತ್ತತುದಿಯಲ್ಲಿ ಅದರ ವೇಗ ಸೊನ್ನೆ. ಹಾಗಾದರೆ ವೇಗೋತ್ಕರ್ಷವೂ ಸೊನ್ನೆ ಎಂದುಕೊಳ್ಳುವವರೇ ಹೆಚ್ಚು. ಅದು ನಿಜವಾಗಿದ್ದರೆ ಚೆಂಡು ಅಲ್ಲೇ ತೂಗಿಕೊಂಡಿರಬೇಕಿತ್ತು. ಸೊನ್ನೆಯಾದ ವೇಗವೂ ಬದಲಾಗುತ್ತಲೇ ಇದೆ: ತುದಿಗಿಂತ ತುಸು ಮೊದಲು ಮೇಲ್ಮುಖ, ತುಸು ನಂತರ ಕೆಳಮುಖ. ಆದ್ದರಿಂದ ಅಲ್ಲೂ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಕೆಳಮುಖವಾಗಿ. ಆ ಒಂದೇ ಕ್ಷಣದ ಚಿತ್ರ ತೆಗೆದರೆ, ತುದಿಯಲ್ಲಿರುವ ಚೆಂಡಿಗೂ ಗೂಡಿನಲ್ಲಿಟ್ಟ ಚೆಂಡಿಗೂ ವ್ಯತ್ಯಾಸ ಕಾಣದು.

ಹಾಗಾದರೆ ಚಲನೆಯೆಂದರೆ ಬೇರೆ ಬೇರೆ ಕ್ಷಣಗಳಲ್ಲಿ ಬೇರೆ ಬೇರೆ ಕಡೆ ಇರುವುದು, ಅಷ್ಟೆ, ಎಂದು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1903ರಲ್ಲಿ ವಾದಿಸಿದರು. ಇದನ್ನು ಒಪ್ಪದವರ ತಕರಾರೂ ಹಗುರವಾದದ್ದಲ್ಲ: ವೇಗ ಮುಂದಿನ ಸ್ಥಾನಗಳಿಂದಲೇ ನಿರ್ಧಾರವಾಗುವುದಾದರೆ, ಆ ಸ್ಥಾನಗಳಿಗೆ ಅದೇ ಕಾರಣವಾಗುವುದು ಹೇಗೆ? ಲೆಕ್ಕಕ್ಕೆ ಈ ಜಗಳದಿಂದ ಬಾಧೆಯಿಲ್ಲ. ತತ್ತ್ವಶಾಸ್ತ್ರದಲ್ಲಿ ಅದಿನ್ನೂ ತೀರ್ಮಾನವಾಗಿಲ್ಲ.